ಓದುಗರ ಪ್ರಶ್ನೆ: ಸಂಸಾರಸ್ಥರ ಕಾರಿನೊಳಗಿನ ರೇಸ್ ಕಾರು

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿರುವ ನನ್ನ ಮಗ 1971ರ ಫೋರ್ಡ್ ಫಾಲ್ಕನ್ ಕಾರೊಂದರ ಚಿತ್ರ ಕಳುಹಿಸಿ, ನಮ್ಮ ಕಾಫಿ ತೋಟ ಮಾರಿದರೂ ಅದರ ಬೆಲೆಗೆ ಸಾಲದು ಎಂದಿದ್ದಾನೆ. ನೋಡಲು ನಾಲ್ಕು ಬಾಗಿಲಿನ ಸಾಧಾರಣ ಕಾರು. ಅದಕ್ಕೇಕೆ ಅಷ್ಟು ಬೆಲೆ? ಅಂಥವನ್ನು ತಯಾರಿಸುವುದನ್ನು ನಿಲ್ಲಿಸಿದ್ದೇಕೆ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ನಿಮ್ಮ ಮಗ ಕಂಡದ್ದು ಫಾಲ್ಕನ್ ಜಿಟಿ-ಎಚ್‌ಒ ಫೇಸ್ ಥ್ರೀ ಆಗಿದ್ದರೆ ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ, ಕೇವಲ 300 ತಯಾರಾದ ಆ ಮಾದರಿಯ ಕಾರುಗಳು 10 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೀರಿ ಹರಾಜಾದದ್ದುಂಟು.

ಇದಕ್ಕೆಲ್ಲ ಮೂಲ ಒಂದು ರೇಸಿನ ನಿಯಮ. 1963ರಿಂದ ನ್ಯೂ ಸೌತ್ ವೇಲ್ಸ್‌ನ ಬಾಥರ್ಸ್ಟ್‌ನಲ್ಲಿ ನಡೆಯುತ್ತಿದ್ದ 500 ಮೈಲಿಗಳ ಸ್ಪರ್ಧೆಯಲ್ಲಿ, ಗಿರಾಕಿಗಳಿಗೆ ಷೋರೂಮಿನಲ್ಲಿ ಮಾರುವಂಥ ಕಾರುಗಳೇ ಓಡಬೇಕಿತ್ತು. ಹಾಗಾಗಿ ರೇಸಿನಲ್ಲಿ ಗೆಲ್ಲಬೇಕೆಂದರೆ ರೇಸಿಗೆ ತಕ್ಕ ಕಾರನ್ನೇ ಜನರಿಗೆ ಮಾರದೆ ಬೇರೆ ದಾರಿಯಿರಲಿಲ್ಲ. 1967ರಲ್ಲಿ ವಿ8 ಎಂಜಿನ್ನಿನ ಫಾಲ್ಕನ್ ಜಿಟಿ ಗೆದ್ದಿತು. ಮುಂದಿನ ಎರಡು ವರ್ಷ ಫೋರ್ಡಿನ ಎದುರಾಳಿ ಹೋಲ್ಡನ್ ಕಂಪನಿಯ ಮೊನಾರೊ ಸೇಡು ತೀರಿಸಿಕೊಂಡಿತು. 1971ರಲ್ಲಿ ರೇಸ್ ಚಾಲಕ ಅಲನ್ ಮೊಫಾಟ್ ಫೇಸ್ ಥ್ರೀ ಓಡಿಸಿ ಗೆದ್ದರು.

ಈ ಕಾರಿನ ಡಿಕ್ಕಿ ತೆರೆದರೆ ನಿಯಮದ ಪರಿಣಾಮ ಕಣ್ಣಿಗೆ ಕಾಣುತ್ತದೆ. ರೇಸಿನ ನಡುವೆ ಪೆಟ್ರೋಲಿಗಾಗಿ ಪದೇಪದೇ ನಿಲ್ಲಬಾರದೆಂದು ಇಟ್ಟ ಸುಮಾರು 164 ಲೀಟರಿನ ಟ್ಯಾಂಕು, ಸಾಮಾನಿಗೆ ಮೀಸಲಾದ ಜಾಗವನ್ನು ಬಹುಪಾಲು ನುಂಗಿಬಿಟ್ಟಿದೆ. ಗಾಳಿ ಸೆಳೆಯಲು ಎಂಜಿನ್ನಿಗೇ ಬಿಗಿದ ಗೂಡು ಬಾನೆಟ್ಟಿನಿಂದ ಹೊರಗೆ ತಲೆಯೆತ್ತಿರುವುದರಿಂದ, ಎಂಜಿನ್ ಚಾಲೂ ಮಾಡಿದೊಡನೆ ಅದೂ ನಡುಗುತ್ತದೆ. 5.8 ಲೀಟರಿನ ಆ ಎಂಜಿನ್ನಿಗೆ ಕಂಪನಿ ಘೋಷಿಸಿದ್ದು 300 ಅಶ್ವಶಕ್ತಿ. ನಿಜವಾದ ಶಕ್ತಿ ಅದಕ್ಕಿಂತ ಹೆಚ್ಚೆಂಬುದು ಎಲ್ಲರೂ ಬಲ್ಲ ಗುಟ್ಟು. ಗಂಟೆಗೆ 225 ಕಿಲೋಮೀಟರ್ ದಾಟುತ್ತಿದ್ದ ಇದನ್ನು ಮಕ್ಕಳನ್ನು ಶಾಲೆಗೆ ಬಿಡಲೂ ಒಯ್ಯಬಹುದಿತ್ತು!

ಅಂತ್ಯಕ್ಕೂ ಕಾರಣ ಆ ವೇಗವೇ. 1972ರ ಜೂನಿನಲ್ಲಿ, ಗಂಟೆಗೆ 160 ಮೈಲಿ ಓಡುವ ಕಾರುಗಳು ಸದ್ಯದಲ್ಲೇ ಬೀದಿಗೆ ಬರಲಿವೆ ಎಂದು ಸಿಡ್ನಿಯ ಪತ್ರಿಕೆಯೊಂದು ಮುಖಪುಟದಲ್ಲಿ ಬರೆಯಿತು. ಸರ್ಕಾರದ ಒತ್ತಡ ಹೆಚ್ಚಿದಂತೆ ಕಂಪನಿಗಳು ಹಿಂದೆ ಸರಿದವು; ಮುಂದಿನ ಮಾದರಿಯಾದ ಫೇಸ್ ಫೋರ್ ನಾಲ್ಕೇ ಕಾರುಗಳಿಗೆ ನಿಂತಿತು. ಪತ್ರಿಕೆಯದು ಬರಿಯ ಗುಲ್ಲೆಂದು ಆ ಕಾರುಗಳ ಅಭಿಮಾನಿಗಳು ಇಂದಿಗೂ ಮುನಿಯುತ್ತಾರೆ. ಆದರೆ ಅಂದಿನ ಟೈರು, ಅಂದಿನ ಬ್ರೇಕುಗಳನ್ನು ನೆನೆದರೆ ಆ ಭಯ ತೀರ ನಿರಾಧಾರವಾಗಿತ್ತೆಂದು ನನಗೆ ತೋರುವುದಿಲ್ಲ. ಮರುವರ್ಷ ರೇಸಿನ ಕಾರುಗಳನ್ನು ಪ್ರತ್ಯೇಕವಾಗಿ ಮಾರ್ಪಡಿಸಲು ನಿಯಮವೇ ಅವಕಾಶ ಕೊಟ್ಟದ್ದರಿಂದ, ಅಂಥ ಕಾರನ್ನು ಜನರಿಗೆ ಮಾರುವ ಅನಿವಾರ್ಯತೆ ಬಹುಮಟ್ಟಿಗೆ ತಪ್ಪಿತು.

ಪರಂಪರೆ ಮಾತ್ರ ಬೇರೆ ದಾರಿ ಹಿಡಿಯಿತು. ಬಾಥರ್ಸ್ಟ್ ವೀರ ಪೀಟರ್ ಬ್ರಾಕ್ 1980ರಿಂದ ಹೋಲ್ಡನ್ ಕಮೊಡೋರ್ ಕಾರುಗಳನ್ನು ಮಾರ್ಪಡಿಸಿ ಮಾರಿ, ಆ ಹಣದಿಂದ ತಮ್ಮ ರೇಸ್ ತಂಡವನ್ನು ಸಾಕಿದರು. ಹರಳು, ಅಯಸ್ಕಾಂತಗಳನ್ನು ತುಂಬಿದ ಪುಟ್ಟ ಪೆಟ್ಟಿಗೆಯೊಂದು ಕಾರಿನ ಓಟವನ್ನೇ ಸುಧಾರಿಸುತ್ತದೆಂದು ಅವರು ನಂಬಿ ಅಳವಡಿಸಿದ್ದು ವಿವಾದವಾಗಿ, 1987ರಲ್ಲಿ ಹೋಲ್ಡನ್ ಅವರ ಸಂಬಂಧ ಕಡಿದುಕೊಂಡಿತು. ಅಷ್ಟು ನುರಿತ ಚಾಲಕ ಇಂಥದಕ್ಕೆ ಮನಸೋತದ್ದು ವಿಚಿತ್ರವೇ ಸರಿ. ಅವರ ಜಾಗಕ್ಕೆ ಬಂದ ಎಚ್‌ಎಸ್‌ವಿ (ಹೋಲ್ಡನ್ ಸ್ಪೆಷಲ್ ವೆಹಿಕಲ್ಸ್) ಕಂಪನಿ 2017ರ ತನಕ ಕಮೊಡೋರನ್ನು ಮಾರ್ಪಡಿಸಿತು. ಅದೇ ಅಕ್ಟೋಬರಿನಲ್ಲಿ ಹೋಲ್ಡನ್ನಿನ ಕಾರ್ಖಾನೆ ಮುಚ್ಚಿತು. ಫೋರ್ಡಿನದು ಹಿಂದಿನ ವರ್ಷವೇ ಮುಚ್ಚಿತ್ತು.

ನೀವು ಮಗನಲ್ಲಿಗೆ ಹೋದರೆ ಬಾಥರ್ಸ್ಟ್‌ಗೆ ಹೋಗಿಬನ್ನಿ. ಮೌಂಟ್ ಪನೋರಮಾದ 6.2 ಕಿಲೋಮೀಟರ್ ರೇಸ್ ಪಥ ಉಳಿದ ದಿನಗಳಲ್ಲಿ ಸಾರ್ವಜನಿಕ ರಸ್ತೆ. 174 ಮೀಟರ್ ಏರಿಳಿಯುವ ಅದರ ತಿರುವುಗಳು ಸಂಪಾಜೆ ಘಾಟಿಯಲ್ಲಿ ಜೀಪು ಇಳಿಸಿದವರಿಗೆ ಹೊಸತೆನಿಸವು. ಆದರೆ ಅಲ್ಲಿ ವೇಗಮಿತಿ ಗಂಟೆಗೆ 60 ಕಿಲೋಮೀಟರ್. ಮಗನಿಗೆ ಮೊದಲೇ ಹೇಳಿಡಿ.