ಹುಲ್ಲು ಬಡಿದ ಕಣ್ಣಿಗೆ ಹಳೇ ಡ್ರಾಪ್ಸ್ ಹಾಕಬಹುದಾ?

ಪ್ರಶ್ನೆ: ಡಾಕ್ಟ್ರೇ, ನಾನು ಬದಿಯಡ್ಕ ಕಡೆಯವನು. ಮನೆಗಳ, ರೆಸಾರ್ಟುಗಳ ಗಾರ್ಡನ್ ಕೆಲಸ ಮಾಡುತ್ತೇನೆ. ಐದು ದಿನದ ಹಿಂದೆ ಮೆಷಿನ್‌ನಲ್ಲಿ ಹುಲ್ಲು ತೆಗೆಯುವಾಗ ಏನೋ ಹಾರಿ ಎಡಗಣ್ಣಿಗೆ ಬಡಿಯಿತು. ತೊಳೆದೆ, ಕಡಿಮೆಯಾಯಿತು. ಈಗ ಮತ್ತೆ ಕೆಂಪಾಗಿದೆ, ಬೆಳಕು ನೋಡಲಾಗುವುದಿಲ್ಲ. ಅಣ್ಣನಿಗೆ ಹಿಂದೆ ಕೊಟ್ಟ ಡ್ರಾಪ್ಸ್ ಮನೆಯಲ್ಲಿದೆ, ಹಾಕಲಾ? ಕನ್ನಡಕ ಹಾಕಿದರೆ ಮಂಜಾಗುತ್ತದೆ, ಹಾಗಾಗಿ ಹಾಕುವುದಿಲ್ಲ.

ಉತ್ತರ: ಬೇಡವೇ ಬೇಡ. ಪತ್ರ ಓದಿದ ಕೂಡಲೇ ಫೋನ್ ಮಾಡಿ ಇದನ್ನೇ ಹೇಳಿದ್ದೆ, ಪತ್ರಿಕೆ ಬರುವ ತನಕ ಕಾಯುವ ವಿಷಯವಲ್ಲ ಇದು. ಇಲ್ಲಿ ಬರೆಯುತ್ತಿರುವುದು ಇದೇ ಕೆಲಸ ಮಾಡುವ ಉಳಿದವರಿಗಾಗಿ.

ಹುಲ್ಲು, ಎಲೆ, ಅಡಿಕೆ ಸೋಗೆ ತಾಗಿ ಕಣ್ಣಿಗೆ ಗಾಯವಾದರೆ ಅದರೊಳಗೆ ಫಂಗಸ್ ಸೇರಿಕೊಳ್ಳಬಹುದು. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ದಿನ, ಒಮ್ಮೊಮ್ಮೆ ಒಂದೆರಡು ವಾರ ಕಳೆದ ಮೇಲೆ ಕಣ್ಣು ಕೆಂಪೇರಿ, ಕಪ್ಪುಗುಡ್ಡೆಯ ಮೇಲೆ ಬೂದು ಬಣ್ಣದ ಚುಕ್ಕಿ ಕಾಣುತ್ತದೆ. ಅಣ್ಣನ ಹಳೇ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ (ಉರಿ, ಕೆಂಪು ಇಳಿಸುವ ಔಷಧಿ) ಇರಬಹುದು. ಆಗ ಅಂಥ ಡ್ರಾಪ್ಸ್ ಹಾಕಿದಿರೋ, ಎರಡು ದಿನ ಕೆಂಪು ಇಳಿದು ಗುಣವಾದ ಹಾಗೇ ಅನಿಸುತ್ತದೆ, ಒಳಗೆ ಮಾತ್ರ ಫಂಗಸ್ ಬೆಳೆಯುತ್ತಲೇ ಇರುತ್ತದೆ. ಜೇನು, ಎದೆಹಾಲು, ಹರಳೆಣ್ಣೆಯೂ ಬೇಡ. ಕಣ್ಣಿನ ಡಾಕ್ಟರು ಗಾಯದಿಂದ ಚೂರು ಕೆರೆದು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ನಾಟಮೈಸಿನ್‌ನಂಥ ಬೇರೆಯೇ ಡ್ರಾಪ್ಸ್ ಬೇಕು, ಅದನ್ನೂ ವಾರಗಟ್ಟಲೆ ಹಾಕಬೇಕು. ತಡವಾದರೆ ಕಣ್ಣಿಗೆ ಹೂ ಬಿದ್ದು ದೃಷ್ಟಿಯೇ ಹೋಗಬಹುದು.

ಇನ್ನೊಂದು ಹೆದರಿಕೆ ಕಬ್ಬಿಣದ ಚೂರಿನದ್ದು. ನಮ್ಮ ನೆಲ ಮುರಕಲ್ಲಿನದ್ದು, ಅಲ್ವಾ? ಬ್ಲೇಡು ಕಲ್ಲಿಗೆ ತಾಗಿ ಹಾರಿದ ಚೂರು, ಹೆಚ್ಚು ನೋವೇ ಇಲ್ಲದೆ ಕಣ್ಣಿನೊಳಗೆ ಹೋಗಿ ಕೂರಬಲ್ಲದು. ಹಾಗೆ ಅನುಮಾನ ಇದ್ದರೆ ಉಜ್ಜಬೇಡಿ, ಒತ್ತಬೇಡಿ, ತೊಳೆಯಲೂ ಬೇಡಿ. ಒಂದು ಕಾಗದದ ಕಪ್ಪನ್ನು ಕಣ್ಣಿಗೆ ತಾಗದ ಹಾಗೆ ಮುಚ್ಚಿ ಹಿಡಿದು ಆಸ್ಪತ್ರೆಗೆ ಓಡಿ. ಮೆಷಿನಿಗೆ ಹಾಕಿದ್ದು ಬ್ಲೇಡಾ, ನೈಲಾನ್ ದಾರವಾ ಅಂತ ತಪ್ಪದೆ ಹೇಳಿ. ಕಬ್ಬಿಣ ಒಳಗಿದ್ದರೆ ಎಂ.ಆರ್.ಐ. ಸ್ಕ್ಯಾನ್ ಮಾಡುವ ಹಾಗಿಲ್ಲ, ಅದರ ಅಯಸ್ಕಾಂತ ಚೂರನ್ನು ಎಳೆಯುತ್ತದೆ.

ಮಂಜಿನ ತೊಂದರೆ ನಿಜ, ನಮ್ಮ ಮಳೆಗಾಲದ ಸೆಕೆಯಲ್ಲಿ ಇನ್ನೂ ಜಾಸ್ತಿ. ಪಕ್ಕದಲ್ಲಿ ಗಾಳಿಕಿಂಡಿ ಇರುವ, ಮಂಜು ಹಿಡಿಯದ ಲೇಪನದ ಪಾಲಿಕಾರ್ಬೊನೇಟ್ ಕನ್ನಡಕ ಸಿಗುತ್ತದೆ. ಕಣ್ಣಿನ ರಕ್ಷಣೆಯ ಗುಣಮಟ್ಟದ ಗುರುತಾದ ಐ.ಎಸ್. 5983 ಅಥವಾ ಇ.ಎನ್. 166 ಅಂತ ಬರೆದಿದೆಯಾ ನೋಡಿ ತೆಗೆದುಕೊಳ್ಳಿ. ಕೂಲಿಂಗ್ ಗ್ಲಾಸ್ ಸಾಲದು. ಮುಖಕ್ಕೆ ಕಟ್ಟುವ ಬಲೆ ಒಂದೇ ಇದ್ದರೂ ಸಾಲದು, ಸಣ್ಣ ಚೂರು ಅದರೊಳಗಿಂದ ನುಸುಳುತ್ತದೆ, ಒಳಗೆ ಕನ್ನಡಕ ಇರಲೇಬೇಕು. ಇದನ್ನು ಕೊಡಿಸಬೇಕಾದವರು ಕೆಲಸಕ್ಕೆ ಕರೆಯುವವರು, ಕೇಳಲು ಸಂಕೋಚ ಬೇಡ.

ಶುರು ಮಾಡುವ ಮೊದಲು ಕಲ್ಲು, ತಂತಿ ಹೆಕ್ಕಿ ತೆಗೆಯಿರಿ. ಮೆಷಿನ್ ಓಡುವಾಗ 15 ಮೀಟರ್ ಒಳಗೆ ಯಾರೂ ಇರಬಾರದು. ಹುಲ್ಲು ರಾಶಿ ಹಾಕುವ ಹುಡುಗ ನಿಮ್ಮ ಬೆನ್ನ ಹಿಂದೆಯೇ ಬರುತ್ತಾನಲ್ಲ, ಮೆಷಿನ್ ನಿಲ್ಲುವ ತನಕ ಅವನನ್ನು ದೂರ ನಿಲ್ಲಿಸಿ, ಅವನಿಗೂ ಒಂದು ಕನ್ನಡಕ ಕೊಡಿಸಿ.