ಲ್ಯಾಬಿನ ಟ್ಯಾಬ್ಲೆಟ್ ಎಲ್ಲಿ ತಡೆಯಬೇಕು, ಎಲ್ಲಿ ಸುಮ್ನಿರಬೇಕು?

ಟೆಸ್ಟಿನ ಹಂತಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿ, ರೀಡಿಂಗನ್ನು ಅಲ್ಲಲ್ಲೇ ಬರೆಸಿಕೊಳ್ಳುವ ಸಾಫ್ಟ್‌ವೇರ್ ಈಗ ಸಣ್ಣ ಲ್ಯಾಬುಗಳಿಗೂ ಬರುತ್ತಿದೆ. ಆ ಬಗ್ಗೆ ಮಂಡ್ಯ, ಮೈಸೂರು ಕಡೆಯ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಮಣ್ಣು–ನೀರು ಪರೀಕ್ಷೆ ಲ್ಯಾಬ್ ಇದೆ. ಒಂದೇ ಕಬ್ಬಿನ ಗದ್ದೆಯ ಮಣ್ಣನ್ನು ಇಬ್ಬರು ಟೆಕ್ನೀಷಿಯನ್‌ಗಳಿಗೂ ಕೊಟ್ಟು ನೋಡಿದೆ. ಸಾವಯವ ಇಂಗಾಲ ಒಬ್ಬರಿಗೆ ಶೇ 0.48, ಇನ್ನೊಬ್ಬರಿಗೆ ಶೇ 0.62 ಬಂತು. ಹಂತ ಹಂತವಾಗಿ ತೋರಿಸುವ ಸಾಫ್ಟ್‌ವೇರ್ ಹಾಕಿಸಿದರೆ ಇದು ಸರಿ ಹೋಗುತ್ತಾ? ದುಡ್ಡು ಜಾಸ್ತಿ ಕೇಳುತ್ತಿದ್ದಾರೆ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಇಬ್ಬರ ರಿಸಲ್ಟನ್ನೂ ಪಕ್ಕಕ್ಕಿಟ್ಟು, ಬರೀ ಬ್ಯೂರೆಟ್ (ದ್ರಾವಣ ಎಷ್ಟು ಮಿ.ಲೀ. ಇಳಿಯಿತು ಅಂತ ತೋರಿಸುವ ಅಳತೆ ಗೀಟಿನ ಕೊಳವೆ) ರೀಡಿಂಗ್ ಕೇಳಿ. ನಿಮ್ಮ ಎರಡು ಅಂಕಿ ನೋಡಿದ ಕೂಡಲೇ ನನಗೆ ಒಂದು ಅನುಮಾನ ಬಂತು. 0.48 ಅನ್ನು 1.3ರಿಂದ ಗುಣಿಸಿ ನೋಡಿ. 0.624 ಬರುತ್ತದೆ.

ನಾವೆಲ್ಲ ಮಾಡುವ ವಾಕ್ಲಿ–ಬ್ಲ್ಯಾಕ್ ವಿಧಾನ 1934ರದು. ಇದರಲ್ಲಿ ಹೊರಗಿನಿಂದ ಬಿಸಿ ಕೊಡುವುದಿಲ್ಲ. ಆಸಿಡ್ ಬೆರೆತಾಗ ಹುಟ್ಟುವ ಬಿಸಿಯೇ ಸಾಕು ಅಂತ ಲೆಕ್ಕ. ಹಾಗಾಗಿ ಮಣ್ಣಿನಲ್ಲಿರುವ ಇಂಗಾಲವೆಲ್ಲ ಉರಿಯುವುದಿಲ್ಲ, ಸರಾಸರಿ ಶೇ 77ರಷ್ಟು ಮಾತ್ರ ಉರಿಯುತ್ತದೆ. ಆ ಕೊರತೆ ತುಂಬಲು ಕೆಲವರು ಕೊನೆಗೆ 1.3ರಿಂದ ಗುಣಿಸುತ್ತಾರೆ, ಕೆಲವರು ಗುಣಿಸುವುದಿಲ್ಲ. ಎರಡೂ ರೂಢಿಯಲ್ಲಿವೆ. ನಿಮ್ಮ ಇಬ್ಬರು ಹುಡುಗರು ಬೇರೆ ಬೇರೆ ಕಡೆ ಕಲಿತು ಬಂದಿರಬಹುದು. ಇಬ್ಬರ ಕೈಯೂ ಸರಿಯಾಗಿದ್ದು, ಕೊನೆಯ ಸಾಲಿನ ಲೆಕ್ಕ ಮಾತ್ರ ಬೇರೆ ಆಗಿರಬಹುದು.

ರೈತನಿಗೆ ಇದು ಸಣ್ಣ ವಿಷಯ ಅಲ್ಲ. ಸಾಮಾನ್ಯವಾಗಿ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.5ರಿಂದ 0.75ರವರೆಗೆ ‘ಮಧ್ಯಮ’ ಅಂತ ಬರೆಯುತ್ತೇವೆ. ಒಂದೇ ಗದ್ದೆಗೆ ಎರಡು ಹಣೆಪಟ್ಟಿ ಬಂದರೆ ಸಾರಜನಕದ ಶಿಫಾರಸೂ ಬದಲಾಗುತ್ತದೆ, ಯೂರಿಯಾ ಚೀಲದ ಲೆಕ್ಕವೂ ಬದಲಾಗುತ್ತದೆ. ನೀವು ಶಿಫಾರಸಿಗೆ ಬಳಸುವ ಕೋಷ್ಟಕ ಯಾವ ಲೆಕ್ಕಕ್ಕೆ ಮಾಡಿದ್ದು ಅಂತ ತಿಳಿದುಕೊಳ್ಳಿ. ಪಕ್ಕದಲ್ಲೇ ಕೃಷಿ ಸಂಶೋಧನೆ ನಡೆಸುವ ವಿ.ಸಿ. ಫಾರಂ ಇದೆಯಲ್ಲ, ಅಲ್ಲಿನ ಮಣ್ಣು ವಿಜ್ಞಾನಿಗಳನ್ನು ಕೇಳಿ. ಗೊತ್ತಾದ ಲೆಕ್ಕವನ್ನೇ ಕಾರ್ಯವಿಧಾನದಲ್ಲಿ ಬರೆದು, ಎಕ್ಸೆಲ್ ಹಾಳೆಯಲ್ಲಿ ಸೂತ್ರಕ್ಕೆ ಬೀಗ ಹಾಕಿ. ರೋಗ ಇದೇ ಆಗಿದ್ದರೆ ಔಷಧಿ ಇಷ್ಟೇ, ದುಡ್ಡು ಉಳಿಯಿತು.

ಬ್ಯೂರೆಟ್ ರೀಡಿಂಗೇ ಬೇರೆ ಬೇರೆ ಇದ್ದರೆ ಮಾತ್ರ ಕೈಯ ಕಡೆ ನೋಡಬೇಕು. ಹಂತ ತೋರಿಸುವ ಸಾಫ್ಟ್‌ವೇರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಆಗ. ಒಂದು ಗ್ರಾಂ ಮಣ್ಣಿಗೆ 10 ಮಿ.ಲೀ. ಡೈಕ್ರೋಮೇಟ್, 20 ಮಿ.ಲೀ. ಸಲ್ಫ್ಯೂರಿಕ್ ಆಸಿಡ್ ಹಾಕಿ ಅರ್ಧ ಗಂಟೆ ಬಿಡಬೇಕು. ಲ್ಯಾಬಿನ ‘ಅರ್ಧ ಗಂಟೆ’ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಫೋನ್ ಬರುತ್ತದೆ, ಪಾಂಡವಪುರದಿಂದ ಯಾರೋ ಚೀಲದಲ್ಲಿ ಮಣ್ಣು ತಂದು ಬಾಗಿಲಲ್ಲಿ ನಿಂತಿರುತ್ತಾರೆ. ಒಂದು ದಿನ 20 ನಿಮಿಷ, ಇನ್ನೊಂದು ದಿನ 50. ಮೂವತ್ತು ನಿಮಿಷ ಮುಗಿಯುವವರೆಗೆ ಟೈಟ್ರೇಷನ್ (ಬಣ್ಣ ಬದಲಾಗುವವರೆಗೆ ಬ್ಯೂರೆಟ್‌ನಿಂದ ಹನಿ ಹನಿಯಾಗಿ ದ್ರಾವಣ ಬಿಡುವ ಕೆಲಸ) ಪರದೆ ತೆರೆಯದಿದ್ದರೆ ಈ ತಪ್ಪು ಅಲ್ಲಿಗೇ ನಿಂತಿತು.

ಇದಕ್ಕಿಂತ ದೊಡ್ಡ ಕಳ್ಳ ಬ್ಲ್ಯಾಂಕ್, ಅಂದರೆ ಮಣ್ಣು ಹಾಕದೆ ಅದೇ ಟೆಸ್ಟ್ ಮಾಡಿದಾಗ ಬರುವ ರೀಡಿಂಗ್. ಬ್ಯೂರೆಟ್‌ಗೆ ತುಂಬುವ ಫೆರಸ್ ಅಮೋನಿಯಂ ಸಲ್ಫೇಟ್ ದ್ರಾವಣ ಗಾಳಿ ತಾಗಿ ದಿನೇ ದಿನೇ ಸೋಲುತ್ತಾ ಬರುತ್ತದೆ. ಅದರ ಶಕ್ತಿ 0.5 ನಾರ್ಮಲ್ ಇದ್ದ ದಿನ ಬ್ಲ್ಯಾಂಕ್ 20.0 ಮಿ.ಲೀ. ಬಂದಿತ್ತು ಅಂದುಕೊಳ್ಳಿ. ಈಗ ದ್ರಾವಣ ಸೋತಿದೆ, ನಿಜವಾದ ಬ್ಲ್ಯಾಂಕ್ 20.9. ಸ್ಯಾಂಪಲ್ ರೀಡಿಂಗ್ 16.65. ಇವತ್ತಿನ ಬ್ಲ್ಯಾಂಕ್ ಹಾಕಿ ಲೆಕ್ಕ ಮಾಡಿದರೆ ಇಂಗಾಲ ಶೇ 0.61. ಹಳೆಯ 20.0 ಅನ್ನೇ ಹಾಕಿದರೆ 0.50. ಸ್ಯಾಂಪಲ್ಲನ್ನು ಯಾರೂ ತಪ್ಪಾಗಿ ಟೈಟ್ರೇಟ್ ಮಾಡಲಿಲ್ಲ, ಆದರೂ ಉತ್ತರ ತಪ್ಪಾಯಿತು. ಆ ದಿನದ ಬ್ಲ್ಯಾಂಕ್ ಇಲ್ಲದೆ ಸ್ಯಾಂಪಲ್ ಪರದೆಯನ್ನೇ ತೆರೆಯದ ಸಾಫ್ಟ್‌ವೇರ್ ಬೇಕು ಅಂತ ಹಟ ಹಿಡಿಯಿರಿ. ತೂಕದ ಯಂತ್ರದಿಂದ ರೀಡಿಂಗ್ ಕೇಬಲ್ ಮೂಲಕ ನೇರ ಬರುವಂತಿದ್ದರೆ ಇನ್ನೂ ಒಳ್ಳೆಯದು. 1.02 ಅನ್ನು 1.20 ಅಂತ ಬರೆಯುವ ತಪ್ಪು ತಪ್ಪುತ್ತದೆ.

ಬಣ್ಣ ಹಸಿರಿಗೆ ತಿರುಗುವ ಆ ಕೊನೆಯ ಹನಿ ಮಾತ್ರ ಕಣ್ಣಿನ ಕೆಲಸ, ಅದನ್ನು ಪರದೆ ಕಲಿಸಲಾರದು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಹತ್ತು ಫ್ಲಾಸ್ಕ್ ಮಾಡಿಸಿ.

ಕೊಳ್ಳುವಾಗ ಹೆಸರಿನ ಗೊಂದಲ ಬೇಡ. ಸ್ಯಾಂಪಲ್ ಎಲ್ಲಿದೆ, ರಿಪೋರ್ಟ್ ಹೋಯಿತಾ ಅಂತ ನೋಡಿಕೊಳ್ಳುವುದು ಲಿಮ್ಸ್. ಮೇಜಿನ ಮುಂದೆ ನಿಂತವರ ಕೈ ಹಿಡಿದು ನಡೆಸುವುದು ಎಲ್‌ಇಎಸ್, ಅಂದರೆ ಲ್ಯಾಬ್ ಎಕ್ಸಿಕ್ಯೂಷನ್ ಸಿಸ್ಟಮ್. ನಿಮಗೆ ಬೇಕಾಗಿರುವುದು ಎರಡನೆಯದು. ಅವರು ತಂದ ಮಾದರಿ ಟೆಸ್ಟ್ ನೋಡಿ ಒಪ್ಪಬೇಡಿ. ನಿಮ್ಮ ಈ ಇಂಗಾಲದ ಟೆಸ್ಟನ್ನೇ ಅದರಲ್ಲಿ ಮಾಡಿ ತೋರಿಸಲಿ.

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವಳು, ಹಾಲಿನ ಲ್ಯಾಬಿನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈಗ ಫ್ಯಾಟ್ ಟೆಸ್ಟಿಗೂ ಟ್ಯಾಬ್ಲೆಟ್ ಕೊಟ್ಟಿದ್ದಾರೆ. ಪ್ರತಿ ಹಂತಕ್ಕೂ ‘ಮುಗಿಯಿತು’ ಅಂತ ಒತ್ತಬೇಕು. ಆಸಿಡ್ ತಾಗಿದ ಗ್ಲೌಸಿನಲ್ಲಿ ಹೇಗೆ ಒತ್ತಲಿ? ನಮ್ಮ ಮೇಲೆ ನಂಬಿಕೆ ಇಲ್ಲ ಅಂತಲೇ ಇದನ್ನು ತಂದಿದ್ದಾರಾ?

ಗ್ಲೌಸಿನ ವಿಷಯದಲ್ಲಿ ನೀವು ಹೇಳುವುದು ನೂರಕ್ಕೆ ನೂರು ಸರಿ. ಆಸಿಡ್ ತಾಗಿದ ಕೈಯಲ್ಲಿ ಪರದೆ ಮುಟ್ಟಬಾರದು, ಮುಟ್ಟಿಸಲೂಬಾರದು. ಇದನ್ನು ಇವತ್ತೇ ನಿಮ್ಮ ಮೇಲಿನವರಿಗೆ ಹೇಳಿ.

ಹಾಲಿನ ಕೊಬ್ಬು ಅಳೆಯುವ ಗರ್ಬರ್ ಟೆಸ್ಟ್ ಮಾಡುವವರ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿದವರು ಇಂಥ ಪರದೆ ಬರೆಯುವುದಿಲ್ಲ. ಬ್ಯುಟೈರೋಮೀಟರ್‌ಗೆ, ಅಂದರೆ ಅಳತೆ ಗೀಟಿನ ಗಾಜಿನ ಟ್ಯೂಬಿಗೆ, ಮೊದಲು 10 ಮಿ.ಲೀ. ಆಸಿಡ್. ಆಮೇಲೆ 10.75 ಮಿ.ಲೀ. ಹಾಲು, ಗಾಜಿನ ಒಳಗೋಡೆಗೆ ತಾಗಿಸಿ ನಿಧಾನಕ್ಕೆ, ಎರಡೂ ಪದರ ಬೇರೆಯಾಗಿ ನಿಲ್ಲುವ ಹಾಗೆ. ಮೇಲೆ 1 ಮಿ.ಲೀ. ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ, ಬಟ್ಟೆ ಸುತ್ತಿ ಅಲುಗಾಡಿಸಿದರೆ ಟ್ಯೂಬು ಸುಡುತ್ತದೆ, ಒಳಗಿನದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಇದೆಲ್ಲ ಒಂದೇ ಓಟದ ಕೆಲಸ. ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಗಮನ ತಪ್ಪುತ್ತದೆ, ಅಪಾಯವೂ ಹೌದು.

ಪರದೆ ಕೇಳಬೇಕಾದ್ದು ಈ ಓಟದ ಹಿಂದೆ ಮತ್ತು ಮುಂದೆ. ಶುರುವಿನಲ್ಲಿ ಆಸಿಡ್ ಬಾಟಲಿಯ ಬಾರ್‌ಕೋಡ್ ಓದಲಿ. ಆ ಬಾಟಲಿಯ ಸಾಂದ್ರತೆ ಪರೀಕ್ಷೆ ಆಗಿದೆಯಾ, 27 ಡಿಗ್ರಿಯಲ್ಲಿ 1.807ರಿಂದ 1.812ರ ಒಳಗಿದೆಯಾ ಅಂತ ನೋಡಲಿ. ಆಸಿಡ್ ಗಟ್ಟಿಯಾದರೆ ಕೊಬ್ಬು ಸುಟ್ಟು ಕಪ್ಪು ಚೂರು ಕಾಣುತ್ತದೆ, ತೆಳುವಾದರೆ ಕರಗದ ಬಿಳಿ ಚೂರು ಉಳಿಯುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಮೇಲೆ ಸೆಂಟ್ರಿಫ್ಯೂಜಿನ ನಿಮಿಷ, 65 ಡಿಗ್ರಿ ನೀರಿನ ಬಿಸಿ, ಕೊನೆಗೆ ಟ್ಯೂಬ್ ನಂಬರಿನ ಜೊತೆ ರೀಡಿಂಗ್. ಅಷ್ಟು ಸಾಕು. ಉಳಿದ ಹೊತ್ತು ಅದು ಸುಮ್ನಿರಬೇಕು.

ವರ್ಷಗಳ ಹಿಂದೆ ಒಂದು ಲ್ಯಾಬಿಗೆ ನಾನೇ ಇಂಥದ್ದನ್ನು ಬರೆದುಕೊಟ್ಟಿದ್ದೆ. ಒಂದು ಟೆಸ್ಟಿಗೆ 42 ಒತ್ತು. ತಿಂಗಳಾದ ಮೇಲೆ ದಾಖಲೆ ತೆಗೆದು ನೋಡಿದರೆ 42 ಹಂತವೂ ಎರಡೇ ನಿಮಿಷದಲ್ಲಿ ‘ಮುಗಿದಿತ್ತು’. ಕೆಲಸವನ್ನೆಲ್ಲ ಮೊದಲಿನ ಹಾಗೇ ಮಾಡಿ, ಕೊನೆಗೆ ಕೂತು ಸಾಲಾಗಿ ಒತ್ತುತ್ತಿದ್ದರು. ತಪ್ಪು ಅವರದಲ್ಲ. ನಾನು ಮೇಜಿನ ಹತ್ತಿರ ನಿಂತು ನೋಡದೆ ಬರೆದಿದ್ದೆ. ಆಮೇಲೆ ಅವರ ಜೊತೆ ಕೂತು ಅದನ್ನು ಒಂಬತ್ತಕ್ಕೆ ಇಳಿಸಿದೆವು.

ನಂಬಿಕೆಯ ಮಾತಿಗೆ ಬಂದರೆ, ನಿಮ್ಮಲ್ಲಿ ಯಾಕೆ ತಂದರು ಅಂತ ನಾನು ಹೇಳಲಾರೆ. ಆದರೆ ರೀಡಿಂಗನ್ನು ನೋಡಿದ ಹೊತ್ತಿಗೇ ಬರೆಯಬೇಕು ಅನ್ನುವುದು ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17025ರಲ್ಲೇ ಇರುವ ಮಾತು. 24 ಟ್ಯೂಬು ನೋಡಿ, ಸಂಜೆ ನೆನಪಿನಿಂದ ಬರೆಯುವುದು ಕಾಗದದಲ್ಲೂ ತಪ್ಪೇ. ಅಷ್ಟು ಮಟ್ಟಿಗೆ ಟ್ಯಾಬ್ಲೆಟ್ ಬೇಕು. ಜೊತೆಗೆ ಒಂದನ್ನು ನೀವು ಕೇಳಿ ಪಡೆಯಬೇಕು: ‘ಹಂತ ಬದಲಿಸಿದೆ, ಕಾರಣ ಇದು’ ಅಂತ ಬರೆಯುವ ಜಾಗ. ಕೊಬ್ಬಿನ ಪದರ ಸ್ಪಷ್ಟವಾಗಿಲ್ಲ, ಮತ್ತೆ ತಿರುಗಿಸಿದೆ ಅಂತ ನೀವು ಬರೆಯುವಂತಿರಬೇಕು. ಅದಿಲ್ಲದಿದ್ದರೆ ನಿಮ್ಮ 14 ವರ್ಷದ ಕಣ್ಣಿಗೆ ಆ ಪರದೆಯಲ್ಲಿ ಜಾಗವೇ ಇರುವುದಿಲ್ಲ, ಅಲ್ವಾ?

ಪ್ರಶ್ನೆ: ಮೈಸೂರಿನ ನಮ್ಮ ನೀರಿನ ಲ್ಯಾಬಿನಲ್ಲಿ ಕಾರ್ಯವಿಧಾನ ಎಲ್ಲ ಇಂಗ್ಲಿಷಿನಲ್ಲಿದೆ. ಕೆಲಸ ಮಾಡುವವರು ಮಾತಾಡುವುದು ಕನ್ನಡದಲ್ಲಿ. ಪರದೆಯನ್ನು ಕನ್ನಡಕ್ಕೆ ತಿರುಗಿಸಬಹುದಾ?

ತಿರುಗಿಸಬಹುದು, ತಿರುಗಿಸಲೇಬೇಕು. ಆದರೆ ನಿಘಂಟು ಹಿಡಿದು ಕೂರಬೇಡಿ. ‘ಅನುಮಾಪನ’ ಅಂತ ಲ್ಯಾಬಿನಲ್ಲಿ ಯಾರೂ ಹೇಳುವುದಿಲ್ಲ. ಟೈಟ್ರೇಷನ್, ಬ್ಯೂರೆಟ್, ಬಫರ್ ಅಂತಲೇ ಬರೆಯಿರಿ.

ನೀರಿನ ಗಡಸುತನದ ಟೆಸ್ಟನ್ನೇ ನೋಡಿ. ಇಡಿಟಿಎ ಅನ್ನುವ ರಾಸಾಯನಿಕದ ಟೈಟ್ರೇಷನ್ನಿನಲ್ಲಿ ಬಣ್ಣ ‘ವೈನ್ ಕೆಂಪಿನಿಂದ ನೀಲಿಗೆ’ ಅಂತ ಎಲ್ಲ ಪುಸ್ತಕದಲ್ಲೂ ಇದೆ. ವೈನನ್ನೇ ನೋಡದ ಹುಡುಗಿಗೆ ಅದರಿಂದ ಏನು ತಿಳಿಯಬೇಕು? ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ ಅಂತ ಬರೆಯಿರಿ. ನೇರಳೆ ಛಾಯೆ ಚೂರೂ ಉಳಿಯಬಾರದು ಅಂತ ಸೇರಿಸಿ. ನಿಮ್ಮದೇ ಟ್ಯೂಬ್‌ಲೈಟ್ ಕೆಳಗೆ ತೆಗೆದ ಮೂರು ಫೋಟೊ ಹಾಕಿ: ಶುರುವಿನದು, ಇನ್ನೊಂದು ಹನಿ ಬೇಕಾದಾಗಿನದು, ಮುಗಿದದ್ದು. ಮಧ್ಯದ ಫೋಟೊ ಎಲ್ಲಕ್ಕಿಂತ ಮುಖ್ಯ.

ಕನ್ನಡಕ್ಕೇ ಇರುವ ಒಂದು ತೊಡಕೂ ಇದೆ. ನಮ್ಮಲ್ಲಿ ‘ಹಾಕಿ’ ಅಂದರೆ ‘ಹಾಕಿರಿ’ ಅಂತಲೂ ಹೌದು, ‘ಹಾಕಿದ ಮೇಲೆ’ ಅಂತಲೂ ಹೌದು. ‘ಬಫರ್ ಹಾಕಿ ಐದು ನಿಮಿಷ ಆಗುವುದರೊಳಗೆ ಇಂಡಿಕೇಟರ್ ಹಾಕಿ ಟೈಟ್ರೇಷನ್ ಮುಗಿಸಿ’ ಅಂತ ಬರೆದರೆ ಐದು ನಿಮಿಷ ಎಲ್ಲಿಂದ ಎಣಿಸಬೇಕು? ಬಫರ್ ಅಂದರೆ ನೀರನ್ನು ಕ್ಷಾರೀಯವಾಗಿಡುವ ದ್ರಾವಣ. ಅದನ್ನು ಹಾಕಿದ ಕ್ಷಣದಿಂದಲೇ ಎಣಿಸಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂರುವ ಸಾಧ್ಯತೆ ಇದೆ. ಹಾಗಾಗಿ ಒಂದು ಪರದೆಗೆ ಒಂದೇ ಕ್ರಿಯಾಪದ ಇರಲಿ. ‘ಬಫರ್ ಹಾಕಿ.’ ಪೂರ್ಣವಿರಾಮ. ಅದನ್ನು ಒತ್ತಿದ ಕೂಡಲೇ ಗಡಿಯಾರ ಶುರುವಾಗಲಿ. ಇನ್ನು ‘ಸ್ವಲ್ಪ ಇಂಡಿಕೇಟರ್’ ಅನ್ನುವ ಮಾತು ಎಲ್ಲೂ ಬೇಡ. ಎಷ್ಟು ಹನಿ ಅಂತ ಹೇಳಿ.

ಇಂಗ್ಲಿಷ್ ಪ್ರತಿಗೂ ಕನ್ನಡ ಪರದೆಗೂ ಒಂದೇ ಆವೃತ್ತಿ ಸಂಖ್ಯೆ ಇರಲಿ. ಒಂದನ್ನು ತಿದ್ದಿದ ದಿನವೇ ಇನ್ನೊಂದನ್ನೂ ತಿದ್ದಬೇಕು.

ಪ್ರಶ್ನೆ: ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ಇಂಥ ಸಾಫ್ಟ್‌ವೇರ್ ಕಡ್ಡಾಯವಾ? ಕರೆಂಟ್ ಹೋದರೆ ಏನು ಗತಿ?

ಕಡ್ಡಾಯ ಅಲ್ಲ. ಟೆಸ್ಟಿಂಗ್ ಲ್ಯಾಬಿಗೆ ಅವರು ಅಳೆಯುವುದು ಐಎಸ್‌ಒ/ಐಇಸಿ 17025ರ 2017ರ ಆವೃತ್ತಿಯಿಂದ. ಅದರಲ್ಲಿ ಕಾಗದದ ದಾಖಲೆಗೂ ಅವಕಾಶ ಇದೆ. ಆದರೆ ಸಾಫ್ಟ್‌ವೇರ್ ಬಳಸುವುದಾದರೆ, ಬಳಕೆಗೆ ಮೊದಲು ಅದು ಸರಿಯಾಗಿ ಕೆಲಸ ಮಾಡುತ್ತದೆ ಅಂತ ಪರೀಕ್ಷಿಸಿ ಬರೆದಿಡಬೇಕು. ಬದಲಾವಣೆ ಮಾಡಿದಾಗಲೂ ಅಷ್ಟೇ. ನೀವೇ ಸೂತ್ರ ಬರೆದ ಎಕ್ಸೆಲ್ ಹಾಳೆಯನ್ನೂ ಹೀಗೇ ಪರೀಕ್ಷಿಸಿ. ಕೈಲೆಕ್ಕ ಮಾಡಿದ ಐದಾರು ಉದಾಹರಣೆ ಹಾಕಿ ತಾಳೆ ನೋಡಿ, ಆ ಹಾಳೆಗೆ ಸಹಿ ಮಾಡಿ ಫೈಲಿಗೆ ಸೇರಿಸಿ.

ಕರೆಂಟ್ ಹೋದರೆ ಕಾಗದವೇ ಗತಿ. ಈಗಿನ ಆವೃತ್ತಿಯ ಅಚ್ಚು ಪ್ರತಿ ಮೇಜಿನ ಹತ್ತಿರ ಇರಲಿ. ಆಮೇಲೆ ಕಂಪ್ಯೂಟರಿಗೆ ಏರಿಸಿದವರು ಯಾರು, ಯಾವಾಗ ಅಂತ ಬರೆದು, ಮೂಲ ಕಾಗದವನ್ನು ಎಸೆಯದೆ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಕೋಡಿಂಗ್ ಬರುವುದಿಲ್ಲ. ಪ್ರಾಜೆಕ್ಟಿಗೆ ಇಂಥದ್ದೊಂದನ್ನು ನಾನೇ ಮಾಡಬಹುದಾ?

ಖಂಡಿತ ಮಾಡಬಹುದು. ನಿಮ್ಮ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಒಡಿಕೆ ಅಂತ ಒಂದು ಉಚಿತ ಸಾಧನ ಇದೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಆಂಡ್ರಾಯ್ಡ್ ಮೊಬೈಲಿನಲ್ಲಿ, ಇಂಟರ್‌ನೆಟ್ ಇಲ್ಲದೆಯೂ ಫಾರಂ ತುಂಬಬಹುದು. ಪ್ರಶ್ನೆಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದರೆ ಸಾಕು, ಕನ್ನಡದಲ್ಲೇ ಬರೆಯಬಹುದು. ಬಾರ್‌ಕೋಡ್ ಓದಿಸಬಹುದು, ಫೋಟೊ ತೆಗೆಸಬಹುದು, ಮಿತಿ ದಾಟಿದ ಅಂಕಿಯನ್ನು ಒಪ್ಪದ ಹಾಗೆ ಮಾಡಬಹುದು. ಇದು ಲ್ಯಾಬಿಗೆಂದೇ ಮಾಡಿದ್ದಲ್ಲ, ಹಿಂದಿನ ಪರದೆಗೆ ಹೋಗಿ ತಿದ್ದಬಹುದು. ಅದಕ್ಕೆ ಫಾರಂನಲ್ಲಿ ಯಾವಾಗ ಏನಾಯಿತು ಅಂತ ಬರೆದಿಡುವ ಆಡಿಟ್ ಲಾಗ್ ಆನ್ ಮಾಡಿಡಿ. ಮುಂದೆ ಪೂರ್ತಿ ಲ್ಯಾಬಿಗೆ ಲಿಮ್ಸ್ ಬೇಕಾದರೆ ಸೆನೈಟ್ ಅಂತ ಉಚಿತವಾದದ್ದು ಇದೆ, ಅದು ಆಮೇಲಿನ ಮಾತು.

ಗಡಸುತನದ ಟೆಸ್ಟ್ ತೆಗೆದುಕೊಳ್ಳಿ. ಮನೆಯ ಬೋರ್‌ವೆಲ್ ನೀರು, ವಿಶ್ವೇಶ್ವರಯ್ಯ ನಾಲೆಯ ನೀರು, ಆರ್‌ಒ ಕ್ಯಾನಿನ ನೀರು, ಮೂರು ಸ್ಯಾಂಪಲ್ ಸಾಕು. 50 ಮಿ.ಲೀ. ನೀರಿಗೆ 0.01 ಮೋಲಾರ್ ಇಡಿಟಿಎ ಬಳಸಿದರೆ, ಬ್ಯೂರೆಟ್‌ನ ಪ್ರತಿ ಮಿ.ಲೀ.ಗೂ ಲೀಟರಿಗೆ 20 ಮಿ.ಗ್ರಾಂ ಗಡಸುತನ. ಈ ಗುಣಾಕಾರ ಫಾರಂ ಮಾಡಲಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಒಪ್ಪಬಹುದಾದ ಮಿತಿ 200, ಬೇರೆ ನೀರು ಸಿಗದಿದ್ದಾಗ 600. ಉತ್ತರದ ಪಕ್ಕ ಅದನ್ನೂ ತೋರಿಸಿ. ರೀಡಿಂಗ್ 15 ಮಿ.ಲೀ. ದಾಟಿದರೆ ‘ಸ್ಯಾಂಪಲ್ ಕಡಿಮೆ ತೆಗೆದುಕೊಂಡು ಮತ್ತೆ ಮಾಡಿ’ ಅಂತ ಹೇಳಲಿ. ಬಫರ್ ಹಾಕಿದ ಹೊತ್ತು, ಟೈಟ್ರೇಷನ್ ಮುಗಿದ ಹೊತ್ತು ಎರಡನ್ನೂ ಬರೆಸಿ. ಮಧ್ಯೆ 5 ನಿಮಿಷಕ್ಕಿಂತ ಜಾಸ್ತಿ ಆಗಿದ್ದರೆ ಆ ರೀಡಿಂಗನ್ನು ಒಪ್ಪದಿರಲಿ.

ಮುಗಿದ ಮೇಲೆ ಈ ಟೆಸ್ಟನ್ನು ಯಾವತ್ತೂ ಮಾಡದ ಜೂನಿಯರ್ ಒಬ್ಬರ ಕೈಗೆ ಮೊಬೈಲ್ ಕೊಡಿ. ನೀವು ಹಿಂದೆ ನಿಂತುಕೊಳ್ಳಿ, ಅಪಾಯ ಕಂಡರೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಬಿಡಬೇಡಿ. ಅವರು ಎಲ್ಲೆಲ್ಲಿ ತಿರುಗಿ ನಿಮ್ಮ ಮುಖ ನೋಡುತ್ತಾರೋ ಆ ಪರದೆಯ ನಂಬರ್ ಬರೆದುಕೊಳ್ಳಿ. ರಾತ್ರಿ ಕೂತು ತಿದ್ದಬೇಕಾದ್ದು ಆ ಪರದೆಗಳನ್ನೇ.