1969ರ ಕಮಾರೋ ಝಡ್/28 ಅಸಲಿಯೇ ಎಂದು ಕೊಳ್ಳುವ ಮೊದಲು ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಓಹಾಯೋದಲ್ಲಿ 1969ರ ಶೆವ್ರೊಲೆ ಕಮಾರೋ ಝಡ್/28, ಅಂದರೆ ಕಮಾರೋದ ವಿಶೇಷ ವೇಗದ ಆವೃತ್ತಿ, ಮಾರಾಟಕ್ಕಿದೆ. ಮಾರುವವರು 'ನಂಬರ್ಸ್ ಮ್ಯಾಚಿಂಗ್' (ಇಂಜಿನ್, ಗೇರ್‌ಬಾಕ್ಸ್ ಎಲ್ಲ ಈ ಕಾರಿನೊಂದಿಗೇ ಹುಟ್ಟಿದವು) ಅನ್ನುತ್ತಾರೆ, ಆದರೆ ಹಳೆಯ ಕಾಗದಪತ್ರ ಏನೂ ಇಲ್ಲ. ವಿನ್, ಅಂದರೆ ಕಾರಿನ ಗುರುತು ಸಂಖ್ಯೆಯ ಫೋಟೋ ಕಳಿಸಿದ್ದಾರೆ, ಅದನ್ನು ನೋಡಿ ಮುಂಗಡ ಕೊಡಬಹುದೇ?

ಕೊಡಬೇಡಿ. ವಿನ್ ನೋಡಿ ಈ ಕಾರು ನಕಲಿ ಎಂದು ಕೆಲವೊಮ್ಮೆ ಹೇಳಬಹುದು, ಅಸಲಿ ಎಂದು ಎಂದಿಗೂ ಹೇಳಲಾಗದು. 1969ರ ಕಮಾರೋ ವಿನ್‌ನಲ್ಲಿ 13 ಅಕ್ಷರ-ಅಂಕೆಗಳಿರುತ್ತವೆ, ಉದಾಹರಣೆಗೆ 124379ಎನ್5ರಿಂದ ಶುರುವಾಗುವುದು. ಮೊದಲ 1 ಶೆವ್ರೊಲೆ, 24 ಎಂದರೆ ವಿ8 ಕಮಾರೋ, 37 ಎಂದರೆ ಕೂಪೆ (ಎರಡು ಬಾಗಿಲು, ಗಟ್ಟಿ ಚಾವಣಿ), 9 ಎಂದರೆ 1969, ಎನ್ ಎಂದರೆ ಓಹಾಯೋದ ನಾರ್‌ವುಡ್ ಕಾರ್ಖಾನೆ. ಎನ್ ಬದಲು ಎಲ್ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಉಳಿದದ್ದು ಕ್ರಮಸಂಖ್ಯೆ, ಅದು 500001ರಿಂದ ಶುರು. ಇದರಲ್ಲೆಲ್ಲೂ ಝಡ್/28 ಎಂಬ ಸುಳಿವಿಲ್ಲ. ಅತಿ ಸಾಧಾರಣ ವಿ8 ಕೂಪೆಗೂ ಇದೇ ಮಾದರಿಯ ವಿನ್. ಆದರೆ ಎರಡನೆಯ-ಮೂರನೆಯ ಅಂಕೆ 23 ಇದ್ದರೆ ಅದು ಆರು ಸಿಲಿಂಡರಿನ ಕಾರು, 37ರ ಜಾಗದಲ್ಲಿ 67 ಇದ್ದರೆ ಕನ್ವರ್ಟಿಬಲ್ (ಚಾವಣಿ ಮಡಚುವಂಥದ್ದು). ಆ ವರ್ಷ ಝಡ್/28 ಬಂದದ್ದು ಕೂಪೆಯಲ್ಲಿ ಮಾತ್ರ. ಈ ಎರಡರಲ್ಲಿ ಒಂದಾದರೂ ಮಾತು ಅಲ್ಲಿಗೇ ಮುಗಿಯಿತು, ಪೆಟ್ರೋಲು ಸುಟ್ಟು ನೋಡಲು ಹೋಗಬೇಕಿಲ್ಲ.

24 ಮತ್ತು 37 ಸರಿ ಇದ್ದರೆ ನಿಜವಾದ ಕೆಲಸ ಅಲ್ಲಿಂದ ಶುರು. ಊರಲ್ಲಿ ಸೈಟು ಕೊಳ್ಳುವಾಗ ಮೂಲಪತ್ರ, ಇ.ಸಿ., ಖಾತೆ ಬೇರೆಬೇರೆಯಾಗಿ ಚೆನ್ನಾಗಿದ್ದರೆ ಸಾಲದು, ಒಂದು ಇನ್ನೊಂದಕ್ಕೆ ತಾಳೆಯಾಗಬೇಕು ಅನ್ನುತ್ತೇವಲ್ಲ, ಇಲ್ಲಿಯೂ ಹಾಗೇ. ನಕಲು ಮಾಡುವವನು ಒಂದು ಫಲಕ ಮಾಡಿಸಬಲ್ಲ, ಒಂದು ಮುದ್ರೆ ಒತ್ತಬಲ್ಲ. ಇಂಜಿನ್ ಬ್ಲಾಕು ಎರಕವಾದ ದಿನ, ಇಂಜಿನ್ ಜೋಡಿಸಿದ ದಿನ, ಗೇರ್‌ಬಾಕ್ಸ್ ಮತ್ತು ಹಿಂದಿನ ಆ್ಯಕ್ಸಲ್ ಆದ ದಿನ, ಬಾಡಿ ಕಟ್ಟಿದ ವಾರ, ಇವಿಷ್ಟೂ ಒಂದರ ಹಿಂದೆ ಒಂದು ಸಾಲಾಗಿ ಬರುವಂತೆ ಮಾಡುವುದು ಅವನಿಗೆ ಬಹಳ ಕಷ್ಟ. ನೀವು ಹುಡುಕಬೇಕಾದದ್ದು ಆ ಸಾಲನ್ನು.

ಮೊದಲು ಫೈರ್‌ವಾಲ್ (ಇಂಜಿನ್ನನ್ನೂ ಕಾರಿನ ಒಳಾಂಗಣವನ್ನೂ ಬೇರ್ಪಡಿಸುವ ಲೋಹದ ಗೋಡೆ) ಮೇಲಿನ ಟ್ರಿಮ್ ಟ್ಯಾಗ್, ಅಂದರೆ ಬಾಡಿಯ ವಿವರದ ಕೋಡ್‌ಗಳ ಪಟ್ಟಿ. ಬಾನೆಟ್ ತೆರೆದರೆ ಚಾಲಕನ ಕಡೆ (ಅಮೆರಿಕದ ಕಾರಿನಲ್ಲಿ ಅದು ಎಡಬದಿ) ಮೇಲ್ಭಾಗದಲ್ಲಿ ಚಿಕ್ಕ ಲೋಹದ ಫಲಕ. 04ಬಿ ಎಂದಿದ್ದರೆ ಬಾಡಿ ಕಟ್ಟಿದ್ದು ಏಪ್ರಿಲ್ ಎರಡನೆಯ ವಾರ. ಟಿಆರ್ ಮುಂದೆ ಒಳಾಂಗಣದ ಕೋಡ್, 711 ಎಂದರೆ ಸಾಮಾನ್ಯ ಕಪ್ಪು. ಪೇಂಟ್ ಕೋಡ್ 72 72 ಎಂದರೆ ಹಗ್ಗರ್ ಆರೆಂಜ್, 50 ಡೋವರ್ ವೈಟ್, 52 ಗಾರ್ನೆಟ್ ರೆಡ್. ನಿಮ್ಮ ಕಾರು ನಾರ್‌ವುಡ್‌ನದಾಗಿ, 1968ರ ಡಿಸೆಂಬರ್ ನಡುವಿನ ನಂತರ ಕಟ್ಟಿದ್ದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅಲ್ಲಿಂದ ಮುಂದೆ ಆ ಕಾರ್ಖಾನೆ ಟ್ಯಾಗಿನ ಮೇಲೆ ಎಕ್ಸ್ ಕೋಡ್ ಒತ್ತಿತು. ಎಕ್ಸ್33 ಎಂದರೆ ಸ್ಟೈಲ್ ಟ್ರಿಮ್ (ಹೊರಗಿನ ಅಲಂಕಾರದ ಆಯ್ಕೆ) ಇರುವ ಝಡ್/28, ಎಕ್ಸ್77 ಎಂದರೆ ಆ ಟ್ರಿಮ್ ಇಲ್ಲದ ಝಡ್/28. ಜೊತೆಗೆ ಡಿ80 ಇದ್ದರೆ ಸ್ಪಾಯ್ಲರ್‌ಗಳು ಕಾರ್ಖಾನೆಯಿಂದಲೇ ಬಂದಿವೆ. ಎಕ್ಸ್11, ಎಕ್ಸ್44, ಎಕ್ಸ್55 ಇವೆಲ್ಲ ಬೇರೆ ಕಾರುಗಳು. ಹೊರಗೆ ಝಡ್/28 ಪಟ್ಟೆ, ಒಳಗೆ ಎಕ್ಸ್11 ಇದ್ದರೆ ಯಾರೋ ಪಟ್ಟೆ ಬಳಿದಿದ್ದಾರೆ ಅಷ್ಟೆ. ವ್ಯಾನ್ ನೈಸ್ ಕಾರುಗಳಲ್ಲಿ ಎಕ್ಸ್ ಕೋಡ್ ಇರುವುದೇ ಇಲ್ಲ. ವಿನ್‌ನಲ್ಲಿ ಎಲ್ ಇದ್ದು ಟ್ಯಾಗಿನಲ್ಲಿ ಎಕ್ಸ್33 ಇದ್ದರೆ ಟ್ಯಾಗು ಸುಳ್ಳು.

ಹೊಸ ಟ್ರಿಮ್ ಟ್ಯಾಗನ್ನು ಬೇಕಾದ ಕೋಡ್ ಒತ್ತಿಸಿ ಮಾರುವವರಿದ್ದಾರೆ. ಆದ್ದರಿಂದ ಟ್ಯಾಗು ಹೇಳುವುದನ್ನು ಕಾರಿನ ಮೈಮೇಲೆ ಪರೀಕ್ಷಿಸಿ. ಡ್ಯಾಶಿನ ಕೆಳಗೆ, ಡಿಕ್ಕಿಯ ಮುಚ್ಚಳದ ಒಳಮಗ್ಗುಲಲ್ಲಿ, ಬಾಗಿಲ ಸಂದಿಯಲ್ಲಿ ಹಳೆಯ ಬಣ್ಣ ಇಣುಕುತ್ತದೆ. ಟ್ಯಾಗು ಆರೆಂಜ್ ಅಂದರೆ ಅಲ್ಲೂ ಆರೆಂಜೇ ಕಾಣಬೇಕು.

ಇನ್ನು ಕಾರಿನ ಗುರುತು. ವಿನ್ ಫಲಕ ಡ್ಯಾಶಿನ ಮೇಲೆ, ಚಾಲಕನ ಕಡೆ ಗಾಜಿನ ಕೆಳಗಿರುತ್ತದೆ. ಅದನ್ನು ಹಿಡಿದಿರುವ ಎರಡು ರಿವೆಟ್‌ಗಳ ತಲೆ ಹೂವಿನ ಎಸಳಿನ ಆಕಾರದ್ದಾಗಿರಬೇಕು. ಉರುಟು ತಲೆಯ ಅಂಗಡಿ ರಿವೆಟ್, ಸ್ಕ್ರೂ, ಅಂಟು ಇವುಗಳಲ್ಲಿ ಯಾವುದು ಕಂಡರೂ ಫಲಕ ಒಮ್ಮೆ ಕಳಚಿದೆ ಎಂದೇ ಅರ್ಥ. ವಿನ್ ಫಲಕ ಕಿತ್ತು ಬೇರೆ ಕಾರಿಗೆ ಹಚ್ಚುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ, ಅಂಥ ಕಾರನ್ನು ಪೊಲೀಸರು ವಶಪಡಿಸಿಕೊಂಡರೆ ನಷ್ಟ ಕೊಂಡವರದ್ದು. ಇದು ನಿಜಕ್ಕೂ ನಡೆಯುವ ಮೋಸ: ತುಕ್ಕು ತಿಂದು ಮುಗಿದ ಅಸಲಿ ಝಡ್/28ರ ಫಲಕಗಳನ್ನು ಕಿತ್ತು ಗಟ್ಟಿಮುಟ್ಟಾದ ಸಾಧಾರಣ ಬಾಡಿಗೆ ಕೂರಿಸುವುದು. ಈಗಂತೂ 1969ರ ಕಮಾರೋ ಬಾಡಿಯನ್ನೇ ಇಡಿಯಾಗಿ ಹೊಸದಾಗಿ ಮಾಡಿ ಮಾರುವ ಕಂಪನಿಯೂ ಇದೆ.

ಇದನ್ನು ಬಯಲಿಗೆಳೆಯುವುದು ಬಾಡಿಯ ಮೇಲೆ ಎರಡು ಕಡೆ ಅಡಗಿಸಿ ಒತ್ತಿದ ಭಾಗಶಃ ವಿನ್. ಒಂದು, ವೈಪರಿನ ಕೆಳಗಿನ ಜಾಲರಿ ಪ್ಯಾನೆಲ್ ತೆಗೆದರೆ ಕೌಲ್ (ಮುಂದಿನ ಗಾಜಿನ ಬುಡದ ಭಾಗ) ಲೋಹದ ಮೇಲೆ. ವೈಪರ್ ತೋಳುಗಳನ್ನು ಎಳೆದು ಕೆಲವು ಸ್ಕ್ರೂ ಬಿಚ್ಚಿದರೆ ಆಯಿತು, ಅರ್ಧ ಗಂಟೆಯೂ ಬೇಡ. ಇನ್ನೊಂದು, ಫೈರ್‌ವಾಲ್ ಮೇಲೆ, ಹೀಟರ್ ಡಬ್ಬದ ಹಿಂದೆ. ಇದಕ್ಕೆ ಡಬ್ಬ ಬಿಚ್ಚಬೇಕು, ಮಾರುವವರು ಗೊಣಗುತ್ತಾರೆ. ಮೊದಲನೆಯದನ್ನಾದರೂ ನೋಡದೆ ಬಿಡಬೇಡಿ. ಅಕ್ಷರಗಳ ಸುತ್ತ ಲೋಹ ತೆಳುವಾಗಿದೆಯೇ, ಗ್ರೈಂಡರ್ ಗೀಚು ಇದೆಯೇ, ಚೌಕಾಕಾರದ ತುಂಡು ಬೆಸುಗೆ ಹಾಕಿ ಕೂರಿಸಿದ್ದಾರೆಯೇ ಎಂದು ಕೈ ಆಡಿಸಿ ನೋಡಿ. ಅಲ್ಲಿ ಅಂಕೆಗಳೇ ಇಲ್ಲದಿದ್ದರೆ ಆ ಕೌಲ್ ಬದಲಾಗಿದೆ, ಏಕೆ ಎಂಬುದನ್ನು ಮಾರುವವರು ಫೋಟೋ ಸಮೇತ ತೋರಿಸಬೇಕು. ಹೀಟರ್ ಡಬ್ಬ ಬಿಚ್ಚುವುದಾದರೆ ಇನ್ನೊಂದನ್ನೂ ಗಮನಿಸಿ. ಎ.ಸಿ. ಕಾರಿನ ಫೈರ್‌ವಾಲ್ ತೂತು ಬೇರೆ. ಆ ತೂತು ಮುಚ್ಚಿದ ಗುರುತು ಕಂಡರೆ ಅದು ಎ.ಸಿ. ಕಾರಾಗಿ ಹುಟ್ಟಿದ್ದು, ಝಡ್/28ಕ್ಕೆ ಎ.ಸಿ. ಕೊಟ್ಟಿರಲೇ ಇಲ್ಲ. ಆಟೋಮ್ಯಾಟಿಕ್ ಗೇರ್ ಕೂಡ ಕೊಟ್ಟಿರಲಿಲ್ಲ.

ಈಗ ಇಂಜಿನ್. ಹೆಚ್ಚು ಹಣ ಇರುವುದೂ ಹೆಚ್ಚು ಸುಳ್ಳು ಇರುವುದೂ ಇಲ್ಲೇ, ಆದ್ದರಿಂದ ಇಲ್ಲಿ ನಿಧಾನವಾಗಿರಿ. ಝಡ್/28ರ ಇಂಜಿನ್ 302 ಘನ ಇಂಚಿನದು, ಕಂಪನಿ ಹೇಳಿದ್ದು 290 ಅಶ್ವಶಕ್ತಿ. ಬೋರ್ (ಸಿಲಿಂಡರಿನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3 ಇಂಚು. ಮುದ್ರೆ ಇರುವುದು ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್‌ನ ಮುಂದೆ ಬ್ಲಾಕಿನ ಸಣ್ಣ ಸಮತಟ್ಟಾದ ಜಾಗದಲ್ಲಿ. 1969ರಲ್ಲಿ ಆಲ್ಟರ್ನೇಟರ್ ಅದೇ ಮಗ್ಗುಲಿಗೆ ಬಂದಿದ್ದರಿಂದ ನೇರ ಕಾಣುವುದಿಲ್ಲ, ಚಿಕ್ಕ ಕನ್ನಡಿ ಬೇಕು. ಬ್ರೇಕ್ ಕ್ಲೀನರ್ ಸಿಂಪಡಿಸಿ ನೈಲಾನ್ ಬ್ರಷ್‌ನಿಂದ ಜಿಡ್ಡು ತೆಗೆಯಿರಿ. ಮರಳು ಕಾಗದ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ನೀವು ನೋಡಲು ಬಂದ ಸಾಕ್ಷಿಯನ್ನೇ ಉಜ್ಜಿ ಹಾಕಿದಂತಾಗುತ್ತದೆ.

ಅಲ್ಲಿ ಎರಡು ಮುದ್ರೆ ಹುಡುಕಿ. ಒಂದು ವಿ0415ಡಿಝಡ್ ಮಾದರಿಯದು: ವಿ ಎಂದರೆ ಫ್ಲಿಂಟ್ ಇಂಜಿನ್ ಕಾರ್ಖಾನೆ, 0415 ಎಂದರೆ ಏಪ್ರಿಲ್ 15, ಡಿಝಡ್ ಎಂದರೆ 1969ರ 302. ಇನ್ನೊಂದು ಕಾರಿನ ಭಾಗಶಃ ವಿನ್, 19ಎನ್ ಮತ್ತು ಕೊನೆಯ ಆರು ಅಂಕೆ. ಇದು ಅಲ್ಲಿ ಇಲ್ಲದಿದ್ದರೆ ಆಯಿಲ್ ಫಿಲ್ಟರಿನ ಬಳಿ ಬ್ಲಾಕಿನ ಒರಟು ಭಾಗದಲ್ಲಿ ಹುಡುಕಿ. ಈ ಎರಡನೆಯ ಮುದ್ರೆ ನಿಮ್ಮ ಕಾರಿನ ವಿನ್‌ಗೆ ಹೊಂದಿದರೆ ಮಾತ್ರ ಅದು ಆ ಕಾರಿನ ಹುಟ್ಟಿನ ಇಂಜಿನ್. ಬರೀ ಡಿಝಡ್ ಇದ್ದು ಬೇರೆ ವಿನ್ ಇದ್ದರೆ ಬೇರೊಂದು ಝಡ್/28ರಿಂದ ಬಂದ ಇಂಜಿನ್, ಅದಕ್ಕೂ ಬೆಲೆಯಿದೆ, ಆದರೆ ಕಡಿಮೆ. ಸಿಇ ಎಂಬ ಅಕ್ಷರಗಳಿದ್ದರೆ ವಾರಂಟಿಯಲ್ಲಿ ಬದಲಿಸಿದ ಬ್ಲಾಕು. ಅದರಲ್ಲಿ ಮೋಸವಿಲ್ಲ, ಆದರೆ ಅದನ್ನು ಮೂಲ ಇಂಜಿನ್ ಎಂದು ಮಾರಬಾರದು.

ಮುದ್ರೆ ಓದಿದ ಮೇಲೆ ಅದರ ಕೆಳಗಿನ ಲೋಹವನ್ನು ಓದಿ. ಕಾರ್ಖಾನೆಯಲ್ಲಿ ಬ್ರೋಚ್ ಯಂತ್ರ ಬ್ಲಾಕಿನ ಉದ್ದಕ್ಕೆ ಹಾದುಹೋಗಿ ಆ ಜಾಗವನ್ನು ಸಮ ಮಾಡುತ್ತಿತ್ತು. ಅದರಿಂದ ಮುಂದಿನಿಂದ ಹಿಂದಕ್ಕೆ ಓಡುವ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಉಳಿಯುತ್ತವೆ. ಟಾರ್ಚನ್ನು ನೇರ ಹಿಡಿಯದೆ ಬದಿಯಿಂದ ಓರೆಯಾಗಿ ಬಿಟ್ಟು ಫೋಟೋ ತೆಗೆದರೆ ಸ್ಪಷ್ಟವಾಗಿ ಕಾಣುತ್ತವೆ. ಆ ಗೆರೆಗಳು ಇಲ್ಲದೆ ಕನ್ನಡಿಯಂತೆ ನುಣುಪಾಗಿದ್ದರೆ, ಸುರುಳಿ ಸುರುಳಿ ಗೀಚಿದ್ದರೆ, ಅಡ್ಡಡ್ಡ ಉಜ್ಜಿದ್ದರೆ, ಮೂಲ ಮುದ್ರೆ ಅಳಿಸಿಹೋಗಿದೆ. ಅಕ್ಷರಗಳ ಜೋಡಣೆಯನ್ನೂ ನೋಡಿ. ಫ್ಲಿಂಟ್‌ನಲ್ಲಿ ಇಂಜಿನ್ ಕೋಡಿನ ಅಚ್ಚುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಏಟಿಗೆ ಒತ್ತುತ್ತಿದ್ದರು, ಹಾಗಾಗಿ ಸಾಲು ನೇರ. ಒಂದೊಂದೇ ಅಕ್ಷರ ಸುತ್ತಿಗೆಯಲ್ಲಿ ಹೊಡೆದದ್ದು ಕುಣಿಯುತ್ತದೆ. ವಿನ್ ಮುದ್ರೆಯನ್ನು ಒತ್ತಿದ್ದು ಕಾರಿನ ಕಾರ್ಖಾನೆಯಲ್ಲಿ, ಅದರ ಅಕ್ಷರ ಇಂಜಿನ್ ಕೋಡಿನದಕ್ಕಿಂತ ಬೇರೆಯಾಗಿ ಕಾಣುವುದು ಸಹಜ. ಎರಡೂ ಒಂದೇ ಅಚ್ಚಿನ ಅಕ್ಷರದಂತಿದ್ದರೆ ನನಗೆ ಅನುಮಾನ ಹೆಚ್ಚಾಗುತ್ತದೆ.

ಒಂದು ನ್ಯಾಯದ ಮಾತು: ಗೆರೆ ಇಲ್ಲ ಎಂದ ಮಾತ್ರಕ್ಕೆ ಮಾರುವವರು ಕಳ್ಳರಲ್ಲ. ಇಂಜಿನ್ ಮರುಕಟ್ಟುವಾಗ ಬ್ಲಾಕಿನ ಮೇಲ್ಮೈ ತುರಿಸಿದರೆ ಹಳೆಯ ಮುದ್ರೆಯೂ ಹೋಗುತ್ತದೆ. ಆದರೆ ಆಗ ಜಾಗ ಖಾಲಿ ಇರಬೇಕು. ಗೆರೆ ಹೋಗಿಯೂ ಮುದ್ರೆ ಹೊಸದಾಗಿ ಎದ್ದು ನಿಂತಿದ್ದರೆ ಅದನ್ನು ಯಾರೋ ನಂತರ ಒತ್ತಿದ್ದಾರೆ.

ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನಲ್ಲಿ ಎರಕದ ಸಂಖ್ಯೆ ಚಾಲಕನ ಕಡೆ, ಎರಕದ ದಿನಾಂಕ ಪ್ಯಾಸೆಂಜರ್ ಕಡೆ. ಡಿ 10 9 ಎಂದರೆ 1969ರ ಏಪ್ರಿಲ್ 10, ಎ ಜನವರಿ, ಎಲ್ ಡಿಸೆಂಬರ್. ಈ ದಿನಾಂಕ ಮೊದಲು, ಜೋಡಣೆಯ ದಿನ ಆಮೇಲೆ, ಕಾರು ಕಟ್ಟಿದ ವಾರ ಅದರ ನಂತರ ಅಥವಾ ಅದೇ ಹೊತ್ತಿಗೆ. ಅಂತರ ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರ. ಏಪ್ರಿಲ್ ಎರಡನೆಯ ವಾರದ ಕಾರಿನಲ್ಲಿ ಜೂನ್ ಎರಕದ ಬ್ಲಾಕು ಇದ್ದರೆ ಮೇಲಿನ ಮುದ್ರೆ ಎಷ್ಟೇ ಚೆನ್ನಾಗಿರಲಿ ಅದು ಸುಳ್ಳು. ಎರಕದ ಸಂಖ್ಯೆ 3970010 ನೋಡಿ ಹಿಗ್ಗಬೇಡಿ, ಅದೇ ಸಂಖ್ಯೆಯ ಬ್ಲಾಕು 350 ಇಂಜಿನ್‌ಗಳಲ್ಲಿ ವರ್ಷಗಟ್ಟಲೆ ಬಂದಿದೆ. ನಕಲಿಗೆ ಕಚ್ಚಾ ಮಾಲು ಸಿಗುವುದೇ ಅಲ್ಲಿಂದ. ಎರಡಕ್ಕೂ ಬೋರ್ ಒಂದೇ, ಸ್ಟ್ರೋಕ್ ಮಾತ್ರ ಬೇರೆ: 302ರಲ್ಲಿ 3 ಇಂಚು, 350ರಲ್ಲಿ 3.48. ಪ್ಲಗ್ ತೆಗೆದು, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ಪಿಸ್ಟನ್ ಓಡಾಟ ಅಳೆದರೆ ಈ ಸುಮಾರು ಅರ್ಧ ಇಂಚಿನ ವ್ಯತ್ಯಾಸ ಅನುಭವಿ ಮೆಕ್ಯಾನಿಕ್‌ಗೆ ಗೊತ್ತಾಗುತ್ತದೆ.

ಗೇರ್‌ಬಾಕ್ಸ್ ಮನ್ಸೀ ಕಾರ್ಖಾನೆಯ ನಾಲ್ಕು ಸ್ಪೀಡಿನದು. ಬಲಬದಿಯಲ್ಲಿ ಪಿ9ಡಿ10ಬಿ ಥರದ ಮುದ್ರೆ: ಪಿ ಮನ್ಸೀ, 9 ವರ್ಷ, ಡಿ ಏಪ್ರಿಲ್, 10 ತಾರೀಕು, ಕೊನೆಯ ಎ ಎಂದರೆ ಎಂ20, ಬಿ ಎಂ21, ಸಿ ಎಂ22, ಇವು ಮೂರೂ ಮನ್ಸೀಯ ಮಾದರಿಗಳು. ಇದರ ಮೇಲೂ ಭಾಗಶಃ ವಿನ್ ಇರುತ್ತದೆ. ಇಂಜಿನ್ ಮುದ್ರೆ ಅಳಿಸಿಹೋದ ಕಾರಿನಲ್ಲಿ ಗೇರ್‌ಬಾಕ್ಸಿನ ವಿನ್ ಹೊಂದಿದರೆ ಅದು ದೊಡ್ಡ ಆಧಾರ. ಹಿಂದಿನ ಆ್ಯಕ್ಸಲ್ 12 ಬೋಲ್ಟಿನದಾಗಿರಬೇಕು, ಕೋಡ್ ಮತ್ತು ದಿನಾಂಕ ಪ್ಯಾಸೆಂಜರ್ ಕಡೆಯ ಕೊಳವೆಯ ಮುಂಭಾಗದಲ್ಲಿ. ಬಿಯು ಎಂದರೆ ಪಾಸಿಟ್ರಾಕ್ಷನ್ (ಎರಡೂ ಹಿಂಚಕ್ರಗಳಿಗೆ ಬಲ ಹಂಚುವ ವ್ಯವಸ್ಥೆ) ಇರುವ 3.73 ಅನುಪಾತ. ಹಿಂದಿನ ಸ್ಪ್ರಿಂಗ್ ಹಲವು ಪಟ್ಟಿಯದಿರಬೇಕು, ಒಂದೇ ಪಟ್ಟಿಯದಿದ್ದರೆ ಸಾಧಾರಣ ಕಾರಿನದು.

780 ಸಿಎಫ್‌ಎಂ ಹೋಲಿ ಕಾರ್ಬುರೇಟರ್ 4053, ಡಿಸ್ಟ್ರಿಬ್ಯೂಟರ್ 1111480, 15ಕ್ಕೆ 7ರ ರ್‍ಯಾಲಿ ಚಕ್ರ, ಮುಂದಿನ ಡಿಸ್ಕ್ ಬ್ರೇಕ್, ಇವೆಲ್ಲ ಸರಿ ಇದ್ದರೆ ಸಂತೋಷ, ಆದರೆ ಬೋಲ್ಟ್ ಬಿಚ್ಚಿ ಹಾಕಬಹುದಾದ ಯಾವುದೂ ಸಾಕ್ಷಿಯಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. 1969ರ ಮಾದರಿಯಲ್ಲಿ ಕಾರ್ಖಾನೆಯಿಂದ ಹೊರಬಂದ ಝಡ್/28 ಬರೀ 20,302, ಬಿಡಿಭಾಗ ಮಾತ್ರ ಎಷ್ಟು ಬೇಕಾದರೂ ಸಿಗುತ್ತದೆ.

ಕಾಗದಪತ್ರ ಇಲ್ಲ ಎಂದಿದ್ದೀರಿ. ಪೆಟ್ರೋಲ್ ಟ್ಯಾಂಕಿನ ಮೇಲೆ, ಸೀಟಿನ ಸ್ಪ್ರಿಂಗುಗಳ ನಡುವೆ ಬಿಲ್ಡ್ ಶೀಟ್ (ಕಾರು ಕಟ್ಟುವಾಗ ಕಾರ್ಖಾನೆ ಬಳಸಿದ ವಿವರಪತ್ರ) ಸಿಕ್ಕಿಕೊಂಡಿರುವುದುಂಟು, ಹುಡುಕಲು ಅನುಮತಿ ಕೇಳಿ. ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ವಾರಂಟಿ ಲೋಹಪಟ್ಟಿ ಇದ್ದಕ್ಕಿದ್ದಂತೆ 'ಸಿಕ್ಕಿತು' ಎಂದು ತಂದುಕೊಟ್ಟರೆ ನಂಬುವ ಮೊದಲು ಪರಿಣತರಿಗೆ ತೋರಿಸಿ, ಅದನ್ನೂ ಹೊಸದಾಗಿ ಮಾಡುತ್ತಾರೆ. ಫೋರ್ಡ್ ಮಸ್ಟಾಂಗ್ ಆಗಿದ್ದರೆ ಮಾರ್ಟಿ ವರದಿ, ಪಾಂಟಿಯಾಕ್ ಆಗಿದ್ದರೆ ಪಿಎಚ್‌ಎಸ್ ದಾಖಲೆ (ಎರಡೂ ಕಾರ್ಖಾನೆಯ ಹಳೆಯ ದಾಖಲೆ ಆಧರಿಸಿದ ವಿವರ) ತರಿಸಿ ಸುಲಭವಾಗಿ ತೀರ್ಮಾನಿಸಬಹುದಿತ್ತು. ಅಮೆರಿಕದಲ್ಲಿ ಮಾರಿದ ಕಮಾರೋಗೆ ಆ ಭಾಗ್ಯವಿಲ್ಲ. ಕಾರು ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಮಾತ್ರ ಅಲ್ಲಿನ ಜಿಎಂ ದಾಖಲೆಯಿಂದ ಆಪ್ಷನ್ ಸಮೇತ ವಿವರ ಸಿಗುತ್ತದೆ.

ಹೋಗುವಾಗ ಟಾರ್ಚ್, ಕನ್ನಡಿ, ಫೋನಿಗೆ ಜೋಡಿಸುವ ಬೋರ್‌ಸ್ಕೋಪ್ (ಸಂದಿಯಲ್ಲಿ ತೂರಿಸಿ ನೋಡುವ ಪುಟ್ಟ ಕ್ಯಾಮೆರಾ), ಬ್ರೇಕ್ ಕ್ಲೀನರ್, ನೈಲಾನ್ ಬ್ರಷ್, ಸಣ್ಣ ಸಾಕೆಟ್ ಸೆಟ್, ಪುಟ್ಟಿ ಪತ್ತೆಗೆ ಮೃದು ಬಟ್ಟೆ ಸುತ್ತಿದ ಆಯಸ್ಕಾಂತ ತೆಗೆದುಕೊಂಡು ಹೋಗಿ. ಮೂರು ಗಂಟೆ ಬೇಕು ಎಂದು ಮೊದಲೇ ಹೇಳಿಬಿಡಿ. ಸಿಕ್ಕ ದಿನಾಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಮುದ್ರೆಯ ಫೋಟೋಗಳ ಜೊತೆ ಮೊದಲ ತಲೆಮಾರಿನ ಕಮಾರೋ ಮಾತ್ರ ನೋಡುವ ಸ್ವತಂತ್ರ ಪರಿಣತರೊಬ್ಬರಿಗೆ ಹಣ ಕೊಟ್ಟು ತೋರಿಸಿ. ಮಾರುವವರಿಗೆ ಅವರನ್ನು ನೇಮಿಸಲು ಬಿಡಬೇಡಿ. ಆಮೇಲೆ ಮಾರಾಟ ಪತ್ರದಲ್ಲಿ 'ನಂಬರ್ಸ್ ಮ್ಯಾಚಿಂಗ್' ಎಂಬ ಜಾರುವ ಮಾತಿನ ಬದಲು 'ಇಂಜಿನ್ ಬ್ಲಾಕಿನ ಮೇಲಿನ ಭಾಗಶಃ ವಿನ್ ಮೂಲ ಕಾರ್ಖಾನೆಯ ಮುದ್ರೆ, ಅದು ಈ ಕಾರಿನ ವಿನ್‌ಗೆ ಹೊಂದುತ್ತದೆ' ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೌಲ್ ಜಾಲರಿ ಬಿಚ್ಚಲು ಬಿಡುವುದಿಲ್ಲ, ಈ ಸಾಲು ಬರೆಯುವುದಿಲ್ಲ ಅಂದರೆ ಜಗಳ ಬೇಡ, 302 ಇಂಜಿನ್ ಇಲ್ಲದ ಅಂದವಾದ 1969ರ ಕಮಾರೋ ಕೂಪೆಗೆ ಏನು ಬೆಲೆಯೋ ಅಷ್ಟನ್ನು ಹೇಳಿ ಬನ್ನಿ.